ಹಳೆಯ ಫಿಲ್ಮ್ ಎಸ್‌ಎಲ್‌ಆರ್ ಕ್ಯಾಮೆರಾ: ಬಿಚ್ಚುವ ಮೊದಲು ದೋಷ ಹಿಡಿಯುವ ಬಗೆ

ಪೆಂಟಾಕ್ಸ್ ಕೆ1000 ಕ್ಯಾಮೆರಾ 1976ರಲ್ಲಿ ಮಾರುಕಟ್ಟೆಗೆ ಬಂದಾಗಲೇ ಅದರಲ್ಲಿ ಇಲ್ಲದ ಸೌಕರ್ಯಗಳ ಪಟ್ಟಿ ಉದ್ದವಾಗಿತ್ತು. ಸೆಲ್ಫ್ ಟೈಮರ್ ಇರಲಿಲ್ಲ, ಅಪರ್ಚರನ್ನೋ (ಲೆನ್ಸಿನೊಳಗೆ ಬೆಳಕು ಹಾಯುವ ತೆರಪು) ಶಟರ್ ವೇಗವನ್ನೋ (ಫಿಲ್ಮಿಗೆ ಬೆಳಕು ಬೀಳುವ ಅವಧಿ) ತಾನಾಗಿ ಆರಿಸಿಕೊಡುವ ಏರ್ಪಾಡು ಇರಲಿಲ್ಲ, ಬೆಳಕು ಅಳೆಯುವ ಮೀಟರಿಗೆ ಒಂದು ಸ್ವಿಚ್ ಕೂಡ ಇರಲಿಲ್ಲ. ಅಂಥ ಕ್ಯಾಮೆರಾ 1997ರವರೆಗೂ ತಯಾರಾಗುತ್ತಲೇ ಇತ್ತು, ಈಗಲೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಅದರ ತೂಕ, ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದಾಗ ಬೆರಳಿಗೆ ತಿಳಿಯುವ ಹಲ್ಲುಗಳ ಹಿಡಿತ, ಶಟರ್ ಬಿದ್ದಾಗಿನ ಸದ್ದು ಇವೆಲ್ಲ ಆಕರ್ಷಣೆಯ ಮಾತಾಯಿತು. ಆದರೆ ಹಾಳಾದ ಒಂದು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತವರಿಗೆ ಮಾತ್ರ ತಿಳಿಯುವ ಇನ್ನೊಂದು ಗುಣ ಅದಕ್ಕಿದೆ. ಅದರಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಪ್ರತ್ಯೇಕ ಭಾಗವಿರುವುದರಿಂದ, ಯಾವ ಭಾಗ ಕೆಟ್ಟರೂ ಅದರ ಗುರುತು ಬೇರೆಯದೇ ಜಾಗದಲ್ಲಿ, ಬೇರೆಯದೇ ಆಕಾರದಲ್ಲಿ ಬೀಳುತ್ತದೆ. ಆ ಗುರುತನ್ನು ಓದಲು ಬಂದರೆ ಒಂದು ಸ್ಕ್ರೂ ಕೂಡ ಬಿಚ್ಚದೆ ದೋಷ ಎಲ್ಲಿದೆಯೆಂದು ಹೇಳಬಹುದು.

ಈ ಬರಹ ಮುಖ್ಯವಾಗಿ ಕೆ1000ವನ್ನು ಮುಂದಿಟ್ಟುಕೊಂಡು ಬರೆದದ್ದಾದರೂ, ಬಟ್ಟೆಯ ಪರದೆ ಅಡ್ಡಕ್ಕೆ ಓಡುವ ಯಾವುದೇ ಯಾಂತ್ರಿಕ ಎಸ್‌ಎಲ್‌ಆರ್‌ಗೆ ಬಹುಪಾಲು ಹೊಂದುತ್ತದೆ. ಎಸ್‌ಎಲ್‌ಆರ್ ಎಂದರೆ ಲೆನ್ಸಿನಿಂದ ಬಂದ ಬಿಂಬವನ್ನೇ ಒಳಗಿನ ಕನ್ನಡಿಯೊಂದು ವ್ಯೂಫೈಂಡರ್‌ಗೆ ತೋರಿಸುವ, ಚಿತ್ರ ತೆಗೆಯುವ ಕ್ಷಣ ಆ ಕನ್ನಡಿ ಮೇಲೇಳುವ ಕ್ಯಾಮೆರಾ. ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ಟಾರ್ಚು, ಹೊಸ ಬ್ಯಾಟರಿ, ಹತ್ತಿ ಸುತ್ತಿದ ಕಡ್ಡಿಗಳು, ಐಸೊಪ್ರೊಪೈಲ್ ಆಲ್ಕೊಹಾಲ್, ನಿಧಾನಗತಿಯ ವಿಡಿಯೊ ತೆಗೆಯಬಲ್ಲ ಒಂದು ಫೋನು, ಮತ್ತು ಹಾಳಾದರೂ ಚಿಂತೆಯಿಲ್ಲದ ಒಂದು ರೀಲು.

ಮೊದಲು ನೆಗೆಟಿವ್ ಓದಬೇಕು

ಚಿತ್ರ ಸರಿಯಾಗಿ ಬರಲಿಲ್ಲವೆಂದ ಕೂಡಲೇ ಕ್ಯಾಮೆರಾವನ್ನು ದೂರುವುದು ಸಾಮಾನ್ಯ. ತಪ್ಪು ಫಿಲ್ಮ್ ತೊಳೆಯುವಾಗ ಆಗಿದೆಯೋ ಕ್ಯಾಮೆರಾದೊಳಗೆ ಆಗಿದೆಯೋ ಎಂಬುದನ್ನು ಮೊದಲು ಬೇರ್ಪಡಿಸದಿದ್ದರೆ ಮುಂದಿನ ಪರೀಕ್ಷೆಯೆಲ್ಲ ದಂಡ. ಅದಕ್ಕೆ ಫಿಲ್ಮಿನ ಅಂಚನ್ನೇ ಸಾಕ್ಷಿಗೆ ಕರೆಯಬೇಕು. ಹಲ್ಲುತೂತುಗಳ ಬದಿಯಲ್ಲಿ ಕಾಣುವ ಚೌಕಟ್ಟಿನ ಸಂಖ್ಯೆಗಳನ್ನೂ ಫಿಲ್ಮಿನ ಹೆಸರನ್ನೂ ಕಾರ್ಖಾನೆಯಲ್ಲೇ ಬೆಳಕಿನಿಂದ ಅಚ್ಚೊತ್ತಿರುತ್ತಾರೆ. ಕ್ಯಾಮೆರಾಗೂ ಅವಕ್ಕೂ ಸಂಬಂಧವಿಲ್ಲ. ಅಂಚಿನ ಅಕ್ಷರಗಳು ಕಡುಗಪ್ಪಾಗಿ, ಸ್ಪಷ್ಟವಾಗಿ ಇದ್ದು ಚಿತ್ರಗಳು ಮಾತ್ರ ತೆಳುವಾಗಿದ್ದರೆ ತೊಳೆಯುವ ಕೆಲಸ ಸರಿಯಾಗಿಯೇ ನಡೆದಿದೆ, ಕೊರತೆ ಕ್ಯಾಮೆರಾದೊಳಗೆ ಬಿದ್ದ ಬೆಳಕಿನದು. ಅಂಚಿನ ಅಕ್ಷರಗಳೇ ಮಂಕಾಗಿದ್ದರೆ ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ) ಹಳತಾಗಿತ್ತು, ಇಲ್ಲವೇ ತಣ್ಣಗಿತ್ತು, ಇಲ್ಲವೇ ಸಮಯ ಸಾಲಲಿಲ್ಲ. ಇಡೀ ಫಿಲ್ಮು ಪಾರದರ್ಶಕವಾಗಿದ್ದು ಅಂಚಿನ ಅಕ್ಷರಗಳು ಚೆನ್ನಾಗಿ ಕಂಡರೆ ಫಿಲ್ಮಿಗೆ ಬೆಳಕೇ ಬಿದ್ದಿಲ್ಲ. ಹೆಚ್ಚಾಗಿ ಅದು ಸುತ್ತುವ ಸ್ಪೂಲಿಗೆ ಸಿಕ್ಕಿಕೊಳ್ಳದೆ ತನ್ನ ಡಬ್ಬಿಯಲ್ಲೇ ಉಳಿದಿರುತ್ತದೆ.

ನೆಗೆಟಿವ್‌ನಲ್ಲಿ ಕಪ್ಪಾದ ಜಾಗವೆಂದರೆ ಬೆಳಕು ಬಿದ್ದ ಜಾಗ, ಪಾರದರ್ಶಕವಾದ ಜಾಗವೆಂದರೆ ಬೆಳಕು ತಲುಪದ ಜಾಗ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು, ಮುಂದೆ ಹೇಳುವ ಗುರುತುಗಳನ್ನೆಲ್ಲ ಪ್ರಿಂಟಿನ ಬದಲು ನೆಗೆಟಿವ್‌ನಲ್ಲೇ ಹುಡುಕಬೇಕು. ಸ್ಕ್ಯಾನ್ ಮಾಡುವ ಯಂತ್ರ ಕತ್ತಲನ್ನು ಬೆಳಗಿಸಿ, ಅಂಚನ್ನು ಕತ್ತರಿಸಿ, ಅರ್ಧ ಸಾಕ್ಷ್ಯವನ್ನು ಅಳಿಸಿಬಿಟ್ಟಿರುತ್ತದೆ.

ಮೀಟರ್ ಮುಳ್ಳು ಅಲುಗದಿದ್ದರೆ

ಕೆ1000ದಲ್ಲಿ ಬ್ಯಾಟರಿ ಮೀಟರಿಗೆ ಮಾತ್ರ ಬೇಕು. ಅದಿಲ್ಲದೆಯೂ ಶಟರ್ 1 ಸೆಕೆಂಡಿನಿಂದ 1/1000ದವರೆಗೆ ಎಲ್ಲ ವೇಗಗಳಲ್ಲೂ ಓಡುತ್ತದೆ. ಆದ್ದರಿಂದ ಮೀಟರ್ ಸತ್ತಿದ್ದು ಶಟರೂ ಬೀಳದಿದ್ದರೆ ಅವು ಎರಡು ಬೇರೆ ಬೇರೆ ದೋಷಗಳು. ಒಂದರ ಕಾರಣವನ್ನು ಇನ್ನೊಂದರಲ್ಲಿ ಹುಡುಕಬಾರದು. ಅದೇ 1976ರಲ್ಲಿ ಬಂದ ಕ್ಯಾನನ್ ಎಇ-1ರಲ್ಲಿ ಶಟರನ್ನು ವಿದ್ಯುತ್ತೇ ಬಿಡುಗಡೆ ಮಾಡುವುದರಿಂದ, ಅಲ್ಲಿ 6 ವೋಲ್ಟಿನ ಬ್ಯಾಟರಿ ತೀರಿದರೆ ಇಡೀ ಕ್ಯಾಮೆರಾ ಸತ್ತಂತೆ ಕಾಣುತ್ತದೆ. ಸತ್ತಿದೆಯೆಂದು ಅಗ್ಗಕ್ಕೆ ಮಾರಾಟಕ್ಕಿಟ್ಟ ಅಂಥ ಕ್ಯಾಮೆರಾಕ್ಕೆ ಹೊಸ ಬ್ಯಾಟರಿ ಹಾಕಿ ನೋಡುವುದಕ್ಕೆ ಮೊದಲು ಯಾವ ತೀರ್ಮಾನಕ್ಕೂ ಬರಬಾರದು.

ಕೆ1000ಕ್ಕೆ ಎಲ್‌ಆರ್44 ಅಥವಾ ಎಸ್‌ಆರ್44 ಗುಂಡಿ ಬ್ಯಾಟರಿ ಒಂದು ಸಾಕು. ಎಸ್‌ಆರ್44 ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಕೊಡುವುದರಿಂದ ನಾನು ಅದನ್ನೇ ಹಾಕುತ್ತೇನೆ. ಲೆನ್ಸಿಗೆ ಅಂಗೈ ಮುಚ್ಚಿ, ವ್ಯೂಫೈಂಡರ್‌ನಲ್ಲಿ ನೋಡುತ್ತ ಕೈ ತೆಗೆದರೆ ಮುಳ್ಳು ಮೇಲಕ್ಕೆ ಏಳಬೇಕು. ಏಳದಿದ್ದರೆ ಕೆಳಗಿನ ತಟ್ಟೆಯಲ್ಲಿರುವ ಬ್ಯಾಟರಿ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆದು ಒಳಗೆ ಟಾರ್ಚು ಹಿಡಿಯಬೇಕು. ಬಿಳಿಯ ಪುಡಿಯೋ ಹಸಿರು ಕಿಲುಬೋ ಕಂಡರೆ ಹತ್ತಿಕಡ್ಡಿಗೆ ಸ್ವಲ್ಪವೇ ವಿನೆಗರ್ ಮುಟ್ಟಿಸಿ ಉಜ್ಜಿ, ಆಮೇಲೆ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಮುಚ್ಚಳದ ಒಳಮೈಯನ್ನೂ ಅದರ ತಿರುಪಿನ ಗೆರೆಗಳನ್ನೂ ಒರೆಸಲು ಬಹಳ ಮಂದಿ ಮರೆಯುತ್ತಾರೆ. ಇಷ್ಟಾದರೂ ಮುಳ್ಳು ಅಲುಗದಿದ್ದರೆ ಸೋರಿದ ರಸ ಬ್ಯಾಟರಿ ಮನೆಯ ಕೆಳಗಿನ ತಂತಿಯನ್ನು ತಿಂದಿರುವ ಸಂಭವವಿದೆ. ಅದಕ್ಕೆ ಬೆಸುಗೆಯೇ ಬೇಕು.

ಮುಳ್ಳು ಏಳುತ್ತದೆ, ಆದರೆ ಸುಳ್ಳು ಹೇಳುತ್ತದೆ ಎಂಬ ಸಂದರ್ಭ ಬೇರೆ. ಮೋಡವಿಲ್ಲದ ನಡುಹಗಲಿನಲ್ಲಿ ಫಿಲ್ಮ್ ವೇಗವನ್ನು (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮವೆಂಬ ಸಂಖ್ಯೆ) 100ಕ್ಕೂ ಶಟರನ್ನು 1/125ಕ್ಕೂ ಇಟ್ಟು, ನೇರ ಬಿಸಿಲು ಬಿದ್ದ ಹಸಿರು ಹುಲ್ಲಿನ ಕಡೆ ನೋಡಿದರೆ ಅಪರ್ಚರ್ ಎಫ್/16ರ (ಈ ಸಂಖ್ಯೆ ಹೆಚ್ಚಾದಷ್ಟೂ ತೆರಪು ಕಿರಿದು) ಆಸುಪಾಸಿನಲ್ಲಿ ಮುಳ್ಳು ನಡುವಿಗೆ ಬರಬೇಕು. ಎಲ್ಲ ಬೆಳಕಿನಲ್ಲೂ ಒಂದೇ ಪ್ರಮಾಣದ ತಪ್ಪು ತೋರಿಸುವ ಮೀಟರ್ ಕೆಟ್ಟದ್ದೇನಲ್ಲ: ಚಿತ್ರಗಳಿಗೆ ಸದಾ ಒಂದು ಸ್ಟಾಪು (ಅಂದರೆ ಎರಡರಷ್ಟು) ಬೆಳಕು ಹೆಚ್ಚಾಗುತ್ತಿದ್ದರೆ, 100ರ ಫಿಲ್ಮ್ ಹಾಕಿ ಡಯಲನ್ನು 200ಕ್ಕೆ ಇಟ್ಟರೆ ಸರಿಹೋಗುತ್ತದೆ. ಡಯಲ್ ತಿರುಗಿಸುವಾಗ ಮುಳ್ಳು ಅಲ್ಲಲ್ಲಿ ಬೆಚ್ಚಿ ಹಾರಿದರೆ ಒಳಗಿನ ರೆಸಿಸ್ಟರ್ ಬಳೆಯ ಮೇಲೆ ಕೊಳೆ ಕೂತಿದೆ; ಡಯಲನ್ನು ಆ ತುದಿಯಿಂದ ಈ ತುದಿಗೆ ಇಪ್ಪತ್ತು ಸಲ ತಿರುಗಿಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಮಂದ ಬೆಳಕನ್ನು ಅಳೆಯಹೊರಟರೆ ಮೀಟರ್ ತಬ್ಬಿಬ್ಬಾಗುವುದು ದೋಷವಲ್ಲ. ಕ್ಯಾಡ್ಮಿಯಂ ಸಲ್ಫೈಡ್ ಕೋಶಕ್ಕೆ ಈಗಷ್ಟೇ ಕಂಡ ಬೆಳಕಿನ ನೆನಪು ಸ್ವಲ್ಪ ಹೊತ್ತು ಉಳಿಯುತ್ತದೆ, ಅದು ಮರೆಯುವವರೆಗೆ ಕಾಯಬೇಕು. ಇನ್ನು, ಹೊಸ ಬ್ಯಾಟರಿ ಕೆಲವೇ ವಾರಗಳಲ್ಲಿ ತೀರುತ್ತಿದೆಯೆಂಬ ದೂರಿಗೆ ಕಾರಣ ಬಹುಪಾಲು ಲೆನ್ಸ್ ಮುಚ್ಚಳ ಹಾಕದೆ ಬಿಟ್ಟದ್ದು. ಸ್ವಿಚ್ ಇಲ್ಲದ ಈ ಕ್ಯಾಮೆರಾದಲ್ಲಿ ಲೆನ್ಸನ್ನು ಮುಚ್ಚಿ ಕತ್ತಲು ಮಾಡುವುದೇ ಮೀಟರನ್ನು ಆರಿಸುವ ಕ್ರಮ.

1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ರೂಪಿಸಿದ ಒಲಿಂಪಸ್ ಓಎಂ-1ರಂಥ ಕ್ಯಾಮೆರಾಗಳಿಗೆ 1.5 ವೋಲ್ಟಿನ ಬ್ಯಾಟರಿ ಹಾಕಿದರೆ ಮೀಟರ್ ತಪ್ಪು ಹೇಳುವುದು ಸಹಜ. ಅಲ್ಲಿ ದುರಸ್ತಿಗೆ ಮೊದಲು ಬ್ಯಾಟರಿಯ ವೋಲ್ಟೇಜನ್ನೇ ವಿಚಾರಿಸಬೇಕು.

ಶಟರ್ ಮತ್ತು ಕನ್ನಡಿ

ಶಟರ್ ಎನ್ನುವುದು ಒಂದರ ಹಿಂದೆ ಒಂದು ಓಡುವ ಎರಡು ಪರದೆಗಳು. ಮೊದಲನೆಯದು ಓಡಿ ಕಿಂಡಿ ತೆರೆಯುತ್ತದೆ, ಎರಡನೆಯದು ಓಡಿ ಮುಚ್ಚುತ್ತದೆ. 1/60ರವರೆಗೆ ಕಿಂಡಿ ಒಂದು ಕ್ಷಣವಾದರೂ ಪೂರ್ತಿ ತೆರೆದಿರುತ್ತದೆ. ಅದಕ್ಕಿಂತ ವೇಗ ಹೆಚ್ಚಾದಂತೆ ಎರಡು ಪರದೆಗಳ ನಡುವಿನ ಸೀಳು ಕಿರಿದಾಗುತ್ತ ಹೋಗಿ, 1/1000ಕ್ಕೆ ಕೆಲವೇ ಮಿಲಿಮೀಟರ್ ಅಗಲದ ಸೀಳೊಂದು 36 ಮಿಲಿಮೀಟರ್ ಅಗಲದ ಚೌಕಟ್ಟನ್ನು ಗುಡಿಸಿಕೊಂಡು ಹೋಗುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಅರ್ಧ ಮಾತ್ರ ಮೂಡಿದ್ದರೆ ವೇಗದ ಡಯಲನ್ನು 1/60ಕ್ಕಿಂತ ಮುಂದೆ ಇಟ್ಟಿದ್ದೀರೆಂದು ಅರ್ಥ, ಕ್ಯಾಮೆರಾ ನಿರಪರಾಧಿ.

ಫ್ಲ್ಯಾಶ್ ಇಲ್ಲದೆಯೂ ಚೌಕಟ್ಟಿನ ಒಂದು ಭಾಗ ಮೂಡದೆ ಹೋದರೆ, ಆ ಪಟ್ಟಿ ಚೌಕಟ್ಟಿನ ಗಿಡ್ಡ ಬದಿಯ ಉದ್ದಕ್ಕೂ ಇದೆಯೋ ಉದ್ದ ಬದಿಯ ಉದ್ದಕ್ಕೂ ಇದೆಯೋ ನೋಡಬೇಕು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ತಿಳಿಸುವ ಗುರುತು ಇನ್ನೊಂದಿಲ್ಲ. ಪರದೆ ಓಡುವುದು ಅಡ್ಡಕ್ಕೆ. ಆದ್ದರಿಂದ ಪರದೆಯ ತಪ್ಪು ಎಡಕ್ಕೋ ಬಲಕ್ಕೋ, ಅಂದರೆ ಗಿಡ್ಡ ಬದಿಗೆ ಅಂಟಿಕೊಂಡೇ ಬೀಳುತ್ತದೆ. ಕನ್ನಡಿ ಏಳುವುದು ಮೇಲಕ್ಕೆ. ಅದು ತಡವಾಗಿ ಎದ್ದರೆ ಅದರ ನೆರಳು ಉದ್ದ ಬದಿಯ ಮೇಲೆ ಬೀಳುತ್ತದೆ. ಗಿಡ್ಡ ಬದಿಯ ಪಟ್ಟಿ 1/1000ದಲ್ಲಿ ಅಗಲವಾಗಿದ್ದು, 1/500ರಲ್ಲಿ ಕಿರಿದಾಗಿ, 1/250ರಲ್ಲಿ ಮಾಯವಾದರೆ ಎರಡನೆಯ ಪರದೆ ಮೊದಲನೆಯದನ್ನು ದಾರಿಯಲ್ಲೇ ಹಿಡಿದುಬಿಡುತ್ತಿದೆ. ಮೊದಲ ಪರದೆಯ ಉರುಳೆಯಲ್ಲಿ ಎಣ್ಣೆ ಜಿಡ್ಡುಗಟ್ಟಿರುವುದೇ ಸಾಮಾನ್ಯ ಕಾರಣ. ಇದನ್ನು ಫಿಲ್ಮ್ ಖರ್ಚಿಲ್ಲದೆ ಖಚಿತಪಡಿಸಿಕೊಳ್ಳಬಹುದು. ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಬೆಳಗಿದ ಬಿಳಿಗೋಡೆಯ ಕಡೆ ಹಿಡಿದು 1/1000ದಲ್ಲಿ ಹತ್ತು ಸಲ ಒತ್ತಬೇಕು. ಪ್ರತಿ ಸಲವೂ ಇಡೀ ಚೌಕಟ್ಟು ಒಮ್ಮೆ ಮಿನುಗಿದಂತೆ ಕಾಣಬೇಕು. ಒಂದು ಬದಿ ಕತ್ತಲಾಗಿಯೇ ಉಳಿದರೆ ಶಂಕೆ ನಿಜ. ಆಗ ಪರದೆಯ ಸ್ಪ್ರಿಂಗನ್ನು ಬಿಗಿಗೊಳಿಸಿ ಸರಿಪಡಿಸುವ ಆಸೆ ಹುಟ್ಟುತ್ತದೆ. ಜಿಡ್ಡನ್ನು ತೆಗೆಯದೆ ಸ್ಪ್ರಿಂಗ್ ಬಿಗಿಗೊಳಿಸಿದರೆ ಇಂದು ಸರಿಯಾಗಿ ಕಂಡದ್ದು ಮುಂದಿನ ಚಳಿಗೆ ಮತ್ತೆ ಕೆಡುತ್ತದೆ, ಮಧ್ಯದಲ್ಲಿ ಉಳಿದ ವೇಗಗಳೂ ಅಡ್ಡಾದಿಡ್ಡಿಯಾಗುತ್ತವೆ.

ನಿಧಾನ ವೇಗಗಳನ್ನು ಕಿವಿಯಿಂದ ಹಿಡಿಯಬೇಕು. 1 ಸೆಕೆಂಡಿಗೆ ಇಟ್ಟು ಒತ್ತಿದರೆ ಒಳಗಿನ ಪುಟ್ಟ ಗೇರುಸರಣಿ ಗಡಿಯಾರದ ಕೀಲಿ ಬಿಚ್ಚಿಕೊಂಡಂತೆ ಸಮಸ್ವರದಲ್ಲಿ ಗುಯ್‌ಗುಟ್ಟಿ, ಕೊನೆಗೆ ಪರದೆ ಮುಚ್ಚುವ ಸದ್ದಿನೊಂದಿಗೆ ನಿಲ್ಲಬೇಕು. ಆ ಸ್ವರ ನಡುವೆ ಇಳಿದರೆ, ತಡವರಿಸಿದರೆ, ಅಥವಾ ನಿಂತೇ ಹೋಗಿ ಕ್ಯಾಮೆರಾವನ್ನು ಮೆಲ್ಲಗೆ ತಟ್ಟಿದಾಗ ಮುಂದುವರಿದರೆ ಗೇರುಗಳಲ್ಲಿ ಜಿಡ್ಡಿದೆ. ಎಷ್ಟು ತಪ್ಪಿದೆಯೆಂದು ಅಳೆಯಲು ಫೋನನ್ನು ಸೆಕೆಂಡಿಗೆ 240 ಚೌಕಟ್ಟಿನ ನಿಧಾನಗತಿಗೆ ಹಾಕಿ, ತೆರೆದ ಹಿಂಬದಿಯಿಂದ ವಿಡಿಯೊ ತೆಗೆದು, ಬೆಳಕು ಕಂಡ ಚೌಕಟ್ಟುಗಳನ್ನು ಎಣಿಸಬಹುದು: 1 ಸೆಕೆಂಡಿಗೆ 240, 1/2ಕ್ಕೆ 120, 1/8ಕ್ಕೆ 30 ಬರಬೇಕು. 1/60ಕ್ಕೆ ನಾಲ್ಕೇ ಚೌಕಟ್ಟು ಸಿಗುವುದರಿಂದ ಅಲ್ಲಿಂದ ಮುಂದೆ ಈ ಲೆಕ್ಕವನ್ನು ನಂಬುವಂತಿಲ್ಲ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಕ್ಯಾಮೆರಾವನ್ನು 1 ಸೆಕೆಂಡಿನಲ್ಲಿ ಮೂವತ್ತು ನಲವತ್ತು ಸಲ ಓಡಿಸಿದರೆ ಕೆಲವೊಮ್ಮೆ ಸ್ವರ ತಾನಾಗಿ ತಿಳಿಯಾಗುತ್ತದೆ. ಮಾರನೆಯ ಬೆಳಿಗ್ಗೆ ಮತ್ತೆ ಕೇಳಿ ನೋಡಬೇಕು. ಮತ್ತೆ ತಡವರಿಸಿದರೆ ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಸದೆ ಗತ್ಯಂತರವಿಲ್ಲ. ಸಂದಿಯೊಳಗೆ ಎಣ್ಣೆಯ ಸ್ಪ್ರೇ ಹೊಡೆಯುವುದನ್ನು ಮಾತ್ರ ಎಂದೂ ಮಾಡಬಾರದು. ಅದು ಹರಿದು ಪರದೆಯ ಬಟ್ಟೆಗೂ ಅಪರ್ಚರ್ ಎಲೆಗಳಿಗೂ ತಲುಪಿದ ಮೇಲೆ ಒಂದಿದ್ದ ದೋಷ ಮೂರಾಗುತ್ತದೆ.

ಕನ್ನಡಿ ಮೇಲೆದ್ದು ಅಲ್ಲೇ ಉಳಿದು ವ್ಯೂಫೈಂಡರ್ ಕತ್ತಲಾದರೆ ಎರಡು ಸಾಧ್ಯತೆಗಳಿವೆ. ಎರಡನೆಯ ಪರದೆ ತನ್ನ ಓಟದ ಕೊನೆಯಲ್ಲಿ ಕನ್ನಡಿಯ ಕೊಂಡಿಯನ್ನು ಬಿಡಿಸಬೇಕು. ಅದು ಕೊನೆ ಮುಟ್ಟದಿದ್ದರೆ ಕನ್ನಡಿ ಇಳಿಯುವುದಿಲ್ಲ. ಇಲ್ಲವೇ, ಕನ್ನಡಿ ಮೇಲೆ ಬಡಿಯುವ ಜಾಗದಲ್ಲಿರುವ ಸ್ಪಾಂಜು ಹಳತಾಗಿ ಡಾಂಬರಿನಂತೆ ಕರಗಿ ಕನ್ನಡಿಯನ್ನು ಹಿಡಿದುಕೊಂಡಿರುತ್ತದೆ. ಲೆನ್ಸ್ ತೆಗೆದು ಕನ್ನಡಿಯ ಅಂಚನ್ನು ಬೆರಳುಗುರಿನಿಂದ ಹೂವು ಮುಟ್ಟಿದಷ್ಟು ಮೆಲ್ಲಗೆ ತಾಕಿದಾಗ ಅಂಟು ಬಿಟ್ಟ ಸದ್ದಿನೊಂದಿಗೆ ಅದು ಬಿದ್ದರೆ ತಪ್ಪು ಸ್ಪಾಂಜಿನದು. ಕನ್ನಡಿಯ ಮೈಯನ್ನು ಒರೆಸಬಾರದು. ಅದರ ಬೆಳ್ಳಿಪದರ ಗಾಜಿನ ಮುಂದುಗಡೆ ಇರುವುದರಿಂದ ಬಟ್ಟೆ ತಾಕಿದರೂ ಗೀರು ಬೀಳುತ್ತದೆ. ವ್ಯೂಫೈಂಡರ್‌ನಲ್ಲಿ ಕಾಣುವ ದೂಳಿನ ಕಣಗಳು ಚಿತ್ರಕ್ಕೆ ಬರುವುದಿಲ್ಲವಾದ್ದರಿಂದ ಅವುಗಳ ಗೊಡವೆಗೆ ಹೋಗದಿರುವುದೇ ಲೇಸು.

ಲೆನ್ಸಿನ ತಪ್ಪು ಶಟರಿನ ತಲೆಗೆ

ಒಮ್ಮೆ ನನ್ನ ಕೆ1000ದಲ್ಲಿ ಹೊರಗಡೆ ತೆಗೆದ ಚಿತ್ರಗಳೆಲ್ಲ ಬೆಳಕು ಹೆಚ್ಚಾಗಿ ಬೆಳ್ಳಗಾಗಿದ್ದವು. ಶಟರ್ ನಿಧಾನವಾಗಿದೆಯೆಂದು ತೀರ್ಮಾನಿಸಿ, ಕೆಳತಟ್ಟೆ ತೆಗೆದು, ಎರಡು ಸಂಜೆಗಳನ್ನು ಕಳೆದೆ. ಅದೇ ರೀಲಿನಲ್ಲಿ ಮನೆಯೊಳಗೆ ತೆಗೆದ ಚಿತ್ರಗಳು ಸರಿಯಾಗಿಯೇ ಇದ್ದುದನ್ನು ನಾನು ನೋಡಿದ್ದೆ, ಆದರೆ ಅದರ ಅರ್ಥವನ್ನು ಕೇಳಿಕೊಂಡಿರಲಿಲ್ಲ. ಮನೆಯೊಳಗೆ ಅಪರ್ಚರ್ ಎಫ್/2ರಲ್ಲಿ ಪೂರ್ತಿ ತೆರೆದಿತ್ತು. ಹೊರಗಡೆ ಎಫ್/16ಕ್ಕೆ ಮುಚ್ಚಬೇಕಿತ್ತು. ಲೆನ್ಸನ್ನು ಕಳಚಿ ಹಿಂದಿನ ಪುಟ್ಟ ಲಿವರನ್ನು ತಳ್ಳಿ ಬಿಟ್ಟಾಗ ಚಕ್ಕನೆ ಮುಚ್ಚಿಕೊಳ್ಳಬೇಕಾದ ಎಲೆಗಳು, ನಿದ್ದೆಯಿಂದ ಎದ್ದವರ ಕಣ್ಣುರೆಪ್ಪೆಯಂತೆ ನಿಧಾನಕ್ಕೆ ಕೂಡಿಕೊಂಡವು. ಎಲೆಗಳ ಮೇಲೆ ಎಣ್ಣೆಯ ತೆಳುಪೊರೆ ಹೊಳೆಯುತ್ತಿತ್ತು. ಈ ಕ್ಯಾಮೆರಾ ಲೆನ್ಸ್ ಪೂರ್ತಿ ತೆರೆದ ಸ್ಥಿತಿಯಲ್ಲೇ ಬೆಳಕು ಅಳೆಯುವುದರಿಂದ, ಎಲೆಗಳ ಆಲಸ್ಯ ಮೀಟರಿಗೆ ತಿಳಿಯುವುದೇ ಇಲ್ಲ. ಆದ್ದರಿಂದ ಬೆಳಕು ಹೆಚ್ಚಾಗುವ ದೂರು ಬಂದಾಗ ಮೊದಲು ಲೆನ್ಸ್ ಬದಲಿಸಿ ನೋಡುವುದು, ಬೇರೆ ಲೆನ್ಸ್ ಇಲ್ಲದಿದ್ದರೆ ಆ ಲಿವರನ್ನು ಹತ್ತು ಸಲ ಬಿಟ್ಟು ನೋಡುವುದು ಈಗ ನನ್ನ ರೂಢಿ.

ಲೆನ್ಸಿನ ಗಾಜಿಗೆ ಹಿಂದಿನಿಂದ ಟಾರ್ಚು ಹಿಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಸ್ವಲ್ಪವೇ ಇದ್ದರೆ ಚಿತ್ರದಲ್ಲಿ ವ್ಯತ್ಯಾಸ ಕಾಣದು; ಬೆಳಕಿನ ಎದುರು ತೆಗೆದಾಗ ಮಾತ್ರ ಮಬ್ಬು ಕವಿಯುತ್ತದೆ.

ಬೆಳಕಿನ ಸೋರಿಕೆ

ಬಣ್ಣದ ಫಿಲ್ಮಿನ ಚಿತ್ರದಲ್ಲಿ ಕೆಂಪು ಅಥವಾ ಕಿತ್ತಳೆ ಬಣ್ಣದ ಗೀರು ಬಿದ್ದಿದ್ದರೆ ಬೆಳಕು ಫಿಲ್ಮಿನ ಬೆನ್ನಿನಿಂದ ಬಂದಿದೆ. ಫಿಲ್ಮಿನ ಪದರಗಳಲ್ಲಿ ಕೆಂಪನ್ನು ಗ್ರಹಿಸುವುದು ಎಲ್ಲಕ್ಕಿಂತ ಕೆಳಗೆ, ಬೆನ್ನಿಗೆ ಹತ್ತಿರವಾಗಿ ಇರುವುದರಿಂದ ಹಿಂದಿನಿಂದ ನುಗ್ಗಿದ ಬೆಳಕು ಮೊದಲು ಅದನ್ನೇ ತಾಕುತ್ತದೆ. ನೆಗೆಟಿವ್‌ನಲ್ಲಿ ಆ ಕಲೆ ಚೌಕಟ್ಟನ್ನು ದಾಟಿ ಹಲ್ಲುತೂತುಗಳವರೆಗೂ ಹರಡಿದ್ದರೆ ಹಿಂಬಾಗಿಲಿನ ಸ್ಪಾಂಜು ಸವೆದಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಕಲೆ ಚೌಕಟ್ಟಿನ ಗೆರೆಯೊಳಗೇ ನಿಂತು, ಒಂದೊಂದು ಚಿತ್ರದಲ್ಲೂ ಅದೇ ಜಾಗದಲ್ಲಿ ಚುಕ್ಕೆಯಾಗಿ ಕಂಡರೆ ಪರದೆಯ ಬಟ್ಟೆಯಲ್ಲಿ ಸೂಜಿತೂತು ಬಿದ್ದಿದೆ. ಕತ್ತಲ ಕೋಣೆಯಲ್ಲಿ ಲೆನ್ಸ್ ತೆಗೆದು, ಕನ್ನಡಿಯನ್ನು ಮೆಲ್ಲಗೆ ಎತ್ತಿಹಿಡಿದು, ಮುಂದಿನಿಂದ ಟಾರ್ಚು ಬಿಟ್ಟು ಹಿಂದಿನಿಂದ ನೋಡಿದರೆ ತೂತು ನಕ್ಷತ್ರದಂತೆ ಕಾಣುತ್ತದೆ. ಲಿವರ್ ಎಳೆಯುವ ಮೊದಲು ಒಮ್ಮೆ, ಎಳೆದ ಮೇಲೆ ಒಮ್ಮೆ ನೋಡಿದರೆ ಎರಡೂ ಪರದೆಗಳನ್ನು ಪರೀಕ್ಷಿಸಿದಂತಾಗುತ್ತದೆ.

ಹಿಂಬಾಗಿಲಿನ ಸ್ಪಾಂಜನ್ನು ಬದಲಿಸುವ ಕೆಲಸ ಯಾರಾದರೂ ಮಾಡಬಹುದಾದದ್ದು, ತಾಳ್ಮೆ ಇದ್ದರೆ. ಹಳೆಯ ಅಂಟನ್ನು ಆಲ್ಕೊಹಾಲಿನಲ್ಲಿ ನೆನೆಸಿ ಮರದ ಕಡ್ಡಿಯಿಂದ ಕೆರೆಯಬೇಕು. ಲೋಹದ ಮೊನೆ ಬೇಡ. ಕೆರೆದ ಕಪ್ಪು ಚೂರುಗಳು ಪರದೆಯ ಮೇಲೆ ಬೀಳದಂತೆ ಒಂದು ಕಾಗದವನ್ನು ಅಡ್ಡವಿಟ್ಟುಕೊಳ್ಳಬೇಕು.

ಫಿಲ್ಮ್ ಓಟ ಮತ್ತು ಫೋಕಸ್

ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗಬೇಕು. ಫಿಲ್ಮ್ ಹಾಕಿದ ಮೇಲೆ ಆ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲವನ್ನು ಎಳೆದುಕೊಂಡಿದ್ದರೆ, ಫಿಲ್ಮ್ ಚಲಿಸುತ್ತಿದೆಯೋ ಇಲ್ಲವೋ ಎಂಬುದಕ್ಕೆ ಬೇರೆ ಪುರಾವೆ ಬೇಡ. ಒಂದು ಚಿತ್ರಕ್ಕೆ ಫಿಲ್ಮು ಎಂಟು ಹಲ್ಲುತೂತುಗಳಷ್ಟು, ಅಂದರೆ 38 ಮಿಲಿಮೀಟರ್ ಮುಂದೆ ಹೋಗುತ್ತದೆ. ಚಿತ್ರಗಳ ನಡುವೆ ಸುಮಾರು 2 ಮಿಲಿಮೀಟರ್ ಖಾಲಿ ಉಳಿಯಬೇಕು. ಈ ಅಂತರ ಹೆಚ್ಚುಕಡಿಮೆಯಾಗುತ್ತ, ಕೆಲವೆಡೆ ಚಿತ್ರಗಳು ಒಂದರ ಮೇಲೊಂದು ಬಿದ್ದಿದ್ದರೆ ಮೊದಲು ಹಲ್ಲುತೂತುಗಳು ಹರಿದಿವೆಯೇ ಎಂದು ನೋಡಬೇಕು. ಹರಿದಿದ್ದರೆ ತಪ್ಪು ಎಳೆದ ಕೈಯದು, ಹರಿಯದಿದ್ದರೆ ಹಲ್ಲುಚಕ್ರದ ಹಿಡಿತದ್ದು. ರೀಲಿನ ಕೊನೆಯಲ್ಲಿ ಲಿವರ್ ಅರ್ಧಕ್ಕೆ ನಿಂತರೆ ಬಲ ಹಾಕದೆ, ತಳದ ಗುಂಡಿಯನ್ನು ಒತ್ತಿ ಫಿಲ್ಮನ್ನು ಹಿಂದಕ್ಕೆ ಸುತ್ತಿಕೊಳ್ಳಬೇಕು.

ಫೋಕಸ್ ಸರಿಯಿಲ್ಲವೆಂಬ ಅನುಮಾನವಿದ್ದರೆ, ಖಾಲಿ ಕ್ಯಾಮೆರಾದ ಹಿಂದೆ ಫಿಲ್ಮ್ ಹಾಯುವ ಹಳಿಗಳ ಮೇಲೆ ಟ್ರೇಸಿಂಗ್ ಕಾಗದವನ್ನು ಬಿಗಿಯಾಗಿ ಅಂಟಿಸಿ, ಶಟರನ್ನು ‘ಬಿ’ಯಲ್ಲಿ (ಒತ್ತಿಹಿಡಿದಷ್ಟು ಹೊತ್ತೂ ತೆರೆದಿರುವ ಸ್ಥಾನ) ಒತ್ತಿಹಿಡಿದು, ದೂರದ ಕಟ್ಟಡವೊಂದರ ಬಿಂಬವನ್ನು ನೋಡಬೇಕು. ಲೆನ್ಸ್ ಅನಂತಕ್ಕೆ ಇದ್ದಾಗ ಕಾಗದದ ಮೇಲೂ ವ್ಯೂಫೈಂಡರ್‌ನಲ್ಲೂ ಅದು ಚೂಪಾಗಿದ್ದರೆ ಎಲ್ಲ ಸರಿ. ಕಾಗದದ ಮೇಲೆ ಚೂಪಾಗಿದ್ದು ವ್ಯೂಫೈಂಡರ್‌ನಲ್ಲಿ ಮಾತ್ರ ಮಸುಕಾಗಿದ್ದರೆ ಕನ್ನಡಿ ತನ್ನ ತಾಣಕ್ಕೆ ಸರಿಯಾಗಿ ಇಳಿಯುತ್ತಿಲ್ಲ, ಇಲ್ಲವೇ ಫೋಕಸಿಂಗ್ ಗಾಜು ಸರಿದಿದೆ.

ಪರೀಕ್ಷೆಯ ರೀಲು

ಮೇಲಿನದೆಲ್ಲ ಮುಗಿದ ಮೇಲೆ 36 ಚಿತ್ರಗಳ 100ರ ಫಿಲ್ಮ್ ಹಾಕಿ, ಬೆಳಕು ಬದಲಾಗದ ನಡುಹಗಲಿನಲ್ಲಿ, ಸಾದಾ ಗೋಡೆಯೊಂದರ ಮುಂದೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಐದು ಚಿತ್ರ ತೆಗೆಯಬೇಕು: ಎಫ್/5.6ಕ್ಕೆ 1/1000, ಎಫ್/8ಕ್ಕೆ 1/500, ಎಫ್/11ಕ್ಕೆ 1/250, ಎಫ್/16ಕ್ಕೆ 1/125, ಎಫ್/22ಕ್ಕೆ 1/60. ಲೆಕ್ಕದ ಪ್ರಕಾರ ಐದಕ್ಕೂ ಬೀಳುವ ಬೆಳಕು ಒಂದೇ. ಯಾವ ಚಿತ್ರ ಯಾವುದೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ತೊಳೆದ ನೆಗೆಟಿವನ್ನು ಕಿಟಕಿಗೆ ಹಿಡಿದು ಐದನ್ನೂ ಒಟ್ಟಿಗೆ ನೋಡಬೇಕು. ಎಫ್/22ರ ಕಡೆಗೆ ಹೋದಂತೆ ಕಪ್ಪು ಏರುತ್ತ ಹೋದರೆ ಅಪರ್ಚರ್ ಎಲೆಗಳು ಸಕಾಲಕ್ಕೆ ಮುಚ್ಚುತ್ತಿಲ್ಲ. 1/1000ದ ಕಡೆಗೆ ಕಪ್ಪು ಏರಿದರೆ ಶಟರಿನ ಮೇಲಿನ ವೇಗಗಳು ನಿಧಾನವಾಗಿವೆ, ಅಲ್ಲಿ ತೆಳುವಾದರೆ ಸೀಳು ತೀರಾ ಕಿರಿದಾಗಿದೆ. ಒಂದೇ ಚಿತ್ರದೊಳಗೆ ಎಡದಿಂದ ಬಲಕ್ಕೆ ಛಾಯೆ ಬದಲಾಗಿದ್ದರೆ ಎರಡು ಪರದೆಗಳ ಓಟ ಹೊಂದುತ್ತಿಲ್ಲ. 1/1000ದ ಒಂದೇ ಚಿತ್ರ ಅರ್ಧ ಸ್ಟಾಪಿನಷ್ಟು ಕಪ್ಪಾಗಿದ್ದು ಉಳಿದ ನಾಲ್ಕು ಸರಿಯಾಗಿದ್ದರೆ, ಇಷ್ಟು ವಯಸ್ಸಾದ ಸ್ಪ್ರಿಂಗಿಗೆ ಅದು ಸಹಜ, ನೆಗೆಟಿವ್ ಫಿಲ್ಮು ಅಷ್ಟನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಅಂಥ ಕ್ಯಾಮೆರಾವನ್ನು ನಾನಾದರೆ ಬಿಚ್ಚುವುದಿಲ್ಲ, ಉಳಿದ ಮೂವತ್ತೊಂದು ಚಿತ್ರಗಳನ್ನು ತೆಗೆಯಲು ಹೊರಡುತ್ತೇನೆ.